ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಉಗಾಂಡಕ್ಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಉಗಾಂಡದ ಮಿಷನ್ ಆಸ್ಪತ್ರೆ ಮತ್ತು ಶಾಲೆಗಳಲ್ಲಿ ಸೇವೆಗೆ ಹೊರಟಿರುವ ಕುಟುಂಬಗಳು, ಅವರ ಚರ್ಚ್ ಸಭೆಯವರು, ಊರಲ್ಲಿ ಉಳಿಯುವ ಹಿರಿಯರು ಬರೆದ ಪತ್ರಗಳನ್ನು ಈ ಬಾರಿ ಎತ್ತಿಕೊಂಡಿದ್ದೇವೆ. ಆರೋಗ್ಯದ ಪ್ರಶ್ನೆಗಳಿಗೆ ಮಕ್ಕಳ ವೈದ್ಯರು ಉತ್ತರಿಸಿದ್ದಾರೆ. ಕಾಗದಪತ್ರ ಮತ್ತು ಹಣದ ವಿಷಯವನ್ನು ಮಿಷನ್ ಮಂಡಳಿಯ ಕೆಲಸ ಬಲ್ಲವರು, ಶಾಲೆಯ ವಿಷಯವನ್ನು ಶಿಕ್ಷಕರು ನೋಡಿಕೊಂಡಿದ್ದಾರೆ.

ನಾನು ಸ್ಟಾಫ್ ನರ್ಸ್, ಯಜಮಾನರು ಲ್ಯಾಬ್ ಟೆಕ್ನಿಷಿಯನ್. ಉಗಾಂಡದ ಒಂದು ಮಿಷನ್ ಆಸ್ಪತ್ರೆಯಿಂದ ಇಬ್ಬರಿಗೂ ಕರೆ ಬಂದಿದೆ. ಮಗಳಿಗೆ ಆರು ವರ್ಷ, ಮಗನಿಗೆ ಏಳು ತಿಂಗಳು, ಇನ್ನೂ ಎದೆಹಾಲು ಕುಡಿಯುತ್ತಾನೆ. ಮುಂದಿನ ತಿಂಗಳೇ ಬನ್ನಿ ಎನ್ನುತ್ತಿದ್ದಾರೆ. ಎಲ್ಲಿಂದ ಶುರು ಮಾಡಬೇಕು? — ಉಡುಪಿಯ ಓದುಗರು

ಮುಂದಿನ ತಿಂಗಳು ಆಗುವುದಿಲ್ಲ ಎಂದು ಇವತ್ತೇ ಬರೆದು ತಿಳಿಸಿ. ಹೊರಡುವ ದಿನವನ್ನು ಆಸ್ಪತ್ರೆಯ ಡ್ಯೂಟಿ ಪಟ್ಟಿಯೋ ಅಗ್ಗದ ಟಿಕೆಟ್ಟೋ ನಿರ್ಧರಿಸಬಾರದು. ಮನೆಯ ಅತಿ ಚಿಕ್ಕವನ ವಯಸ್ಸು ನಿರ್ಧರಿಸಬೇಕು.

ಕಾರಣ ಯೆಲ್ಲೋ ಫೀವರ್ ಲಸಿಕೆ. ಉಗಾಂಡ ಈ ರೋಗವಿರುವ ದೇಶ. ಅಲ್ಲಿಂದ ಭಾರತಕ್ಕೆ ವಾಪಸ್ ಬರುವಾಗ 9 ತಿಂಗಳು ದಾಟಿದ ಯಾರ ಬಳಿಯಾದರೂ ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡ್ ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಕೊಡುವುದು 9 ತಿಂಗಳು ತುಂಬಿದ ಮೇಲೆ. ಹಾಕಿಸಿದ ಹತ್ತು ದಿನಗಳ ನಂತರ ಕಾರ್ಡ್ ಊರ್ಜಿತವಾಗುತ್ತದೆ, 2016ರ ಜುಲೈಯಿಂದ ಅದು ಜೀವನಪರ್ಯಂತ ನಡೆಯುತ್ತದೆ. ನಿಮ್ಮ ಲಸಿಕೆಯನ್ನೂ ಮಗನಿಗೆ 9 ತಿಂಗಳಾಗುವವರೆಗೆ ಮುಂದೂಡುವುದು ಒಳ್ಳೆಯದು, ಏಕೆಂದರೆ ಲಸಿಕೆಯ ವೈರಸ್ ಎದೆಹಾಲಿನ ಮೂಲಕ ಎಳೆ ಮಗುವಿಗೆ ಹೋದ ಪ್ರಕರಣಗಳಿವೆ.

ಇಲ್ಲಿ ಹೆಚ್ಚಿನವರು ಎಡವುವ ಒಂದು ಜಾಗವಿದೆ. 9 ತಿಂಗಳಿಗೆ ಸರ್ಕಾರಿ ವೇಳಾಪಟ್ಟಿಯ ಎಂ.ಆರ್. (ದಡಾರ-ರುಬೆಲ್ಲಾ) ಚುಚ್ಚುಮದ್ದೂ ಬರುತ್ತದೆ. ಎರಡೂ ಜೀವಂತ ಲಸಿಕೆಗಳು. ಕೊಟ್ಟರೆ ಒಂದೇ ದಿನ ಬೇರೆ ಬೇರೆ ಜಾಗಕ್ಕೆ ಕೊಡಬೇಕು, ಇಲ್ಲವಾದರೆ ನಡುವೆ 28 ದಿನ ಬಿಡಬೇಕು. ಈ ವಾರ ಆಶಾ ಕಾರ್ಯಕರ್ತೆ ಕರೆದರೆಂದು ಎಂ.ಆರ್. ಹಾಕಿಸಿ, ಮುಂದಿನ ವಾರ ಯೆಲ್ಲೋ ಫೀವರ್‌ಗೆ ಹೋದರೆ ವಾಪಸ್ ಕಳಿಸುತ್ತಾರೆ, ಟಿಕೆಟ್ ತಪ್ಪುತ್ತದೆ. ಯೆಲ್ಲೋ ಫೀವರ್ ಲಸಿಕೆ ಕೇಂದ್ರ ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಒಂದು ಬಾಟಲಿಯಲ್ಲಿ ಹಲವರಿಗಾಗುವಷ್ಟು ಡೋಸ್ ಇರುತ್ತದೆ, ಕಲಸಿದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ವಾರದ ಗೊತ್ತಾದ ದಿನಗಳಲ್ಲಿ, ಮೊದಲೇ ಹೆಸರು ಬರೆಸಿದವರಿಗೆ ಕೊಡುತ್ತಾರೆ. ಮೊಟ್ಟೆ ತಿಂದರೆ ಮೈಯೆಲ್ಲ ದದ್ದು ಏಳುವ, ಉಸಿರು ಕಟ್ಟುವ ಮಗುವಾದರೆ ಅದನ್ನು ಅಲ್ಲಿ ಮೊದಲೇ ಹೇಳಿ. ಕಾರ್ಡಿನ ಮೇಲೆ ಪಾಸ್‌ಪೋರ್ಟ್ ಸಂಖ್ಯೆ ಬರೆಯುತ್ತಾರೆ, ಆದ್ದರಿಂದ ಲಸಿಕೆಗಿಂತ ಮೊದಲು ಪಾಸ್‌ಪೋರ್ಟ್ ಕೈಗೆ ಬಂದಿರಬೇಕು.

ಪಾಸ್‌ಪೋರ್ಟ್‌ಗಿಂತ ಮೊದಲು ಜನನ ಪ್ರಮಾಣಪತ್ರ. 2023ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದವರಿಗೆ ಜನ್ಮದಿನಾಂಕಕ್ಕೆ ಬೇರೆ ಯಾವ ದಾಖಲೆಯೂ ನಡೆಯುವುದಿಲ್ಲ. ಪತ್ರದಲ್ಲಿ ಮಗುವಿನ ಹೆಸರಿದೆಯೇ ನೋಡಿ. ಹೆಸರಿಲ್ಲದೆ ನೋಂದಣಿಯಾಗಿದ್ದರೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ ಅಪ್ಪ ಅಮ್ಮನ ಹೆಸರುಗಳನ್ನು ನಿಮ್ಮ ಪಾಸ್‌ಪೋರ್ಟ್ ಪಕ್ಕಕ್ಕಿಟ್ಟು ಅಕ್ಷರ ಅಕ್ಷರ ಹೋಲಿಸಿ. ನಮ್ಮ ಕಡೆ ಇನಿಷಿಯಲ್‌ನದ್ದೇ ದೊಡ್ಡ ತಾಪತ್ರಯ. ಒಂದು ಕಡೆ ಇನಿಷಿಯಲ್ ಮಾತ್ರ, ಇನ್ನೊಂದು ಕಡೆ ಅದರ ಪೂರ್ಣ ರೂಪ, ಮೂರನೆಯ ಕಡೆ ಮನೆತನದ ಹೆಸರು ಇದ್ದರೆ, ಉಗಾಂಡದಲ್ಲಿ ಮಕ್ಕಳಿಗೆ ಬೇಕಾದ ಅವಲಂಬಿತರ ಪಾಸ್ ಕೇಳುವಾಗ ‘ಇವರು ಯಾರ ಮಗು?’ ಎಂಬ ಪ್ರಶ್ನೆ ಬರುತ್ತದೆ. ತಿದ್ದುಪಡಿ ಜನನ ನೋಂದಣಾಧಿಕಾರಿಯ ಬಳಿ ಮೊದಲು ಆಗಲಿ. ಪಾಸ್‌ಪೋರ್ಟ್ ಅರ್ಜಿಗೆ ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಅನುಬಂಧ ‘ಡಿ’ ಬೇಕು. ನಾಲ್ಕು ವರ್ಷದೊಳಗಿನ ಮಗುವಿನ ಬಿಳಿ ಹಿನ್ನೆಲೆಯ ಫೋಟೊವನ್ನು ನೀವೇ ಒಯ್ಯಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ. ಮಗಳದ್ದು ಈಗಾಗಲೇ ಇದ್ದರೆ ಅದು ಸೇವಾವಧಿಯ ನಡುವೆ ಮುಗಿಯುತ್ತದೆಯೇ ಎಂದು ಈಗಲೇ ನೋಡಿ.

ಮಗಳಿಗೆ 5–6 ವರ್ಷದ ಡಿಪಿಟಿ ಬೂಸ್ಟರ್ ಆಗಿದೆಯೇ? ಅದರ ಜೊತೆಗೆ ಟೈಫಾಯ್ಡ್, ಹೆಪಟೈಟಿಸ್ ಎ, ಸೀತಾಳೆ ಸಿಡುಬು, ಮೆನಿಂಜೈಟಿಸ್ ಲಸಿಕೆಗಳ ಬಗ್ಗೆ ವೈದ್ಯರಲ್ಲಿ ಮಾತಾಡಿ. ನಾಯಿ ಕಚ್ಚುವ ಮೊದಲೇ ಕೊಡುವ ರೇಬಿಸ್ ಲಸಿಕೆಯನ್ನೂ ಕೇಳಿ. ನಾಯಿಮರಿ ಪರಚಿದ್ದನ್ನು ಮಕ್ಕಳು ಮನೆಯಲ್ಲಿ ಹೇಳುವುದಿಲ್ಲ, ಕಚ್ಚಿದ ಮೇಲೆ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದು ಹಳ್ಳಿಗಾಡಿನಲ್ಲಿ ಆ ಕ್ಷಣಕ್ಕೆ ಸಿಗುವ ಭರವಸೆ ಇಲ್ಲ.

ಕೊನೆಯದಾಗಿ ಪರ್ಮಿಟ್. ‘ಪ್ರವಾಸಿ ವೀಸಾದಲ್ಲಿ ಬನ್ನಿ, ಮುಂದಿನದ್ದು ಇಲ್ಲಿ ನೋಡಿಕೊಳ್ಳೋಣ’ ಎಂದರೆ ಒಪ್ಪಬೇಡಿ. ಸಂಬಳವಿಲ್ಲದ ಸೇವೆಯೂ ಕೆಲಸವೇ. ನಿಮ್ಮಿಬ್ಬರಿಗೂ ಕೆಲಸದ ಪರ್ಮಿಟ್, ಮಕ್ಕಳಿಗೆ ಅವಲಂಬಿತರ ಪಾಸ್ ಬೇಕು. ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಸಿಗುವ ಪೊಲೀಸ್ ಕ್ಲಿಯರೆನ್ಸ್, ದೃಢೀಕರಿಸಿದ ಮದುವೆ ಮತ್ತು ಜನನ ಪ್ರಮಾಣಪತ್ರಗಳನ್ನು ಸಿದ್ಧ ಮಾಡಿಡಿ. ನರ್ಸ್ ಆಗಿ ಕೆಲಸ ಮಾಡಲು ಉಗಾಂಡದ ನರ್ಸ್ ಮತ್ತು ಮಿಡ್‌ವೈಫ್ ಕೌನ್ಸಿಲ್‌ನ ನೋಂದಣಿ ಬೇಕು. ಅದಕ್ಕೆ ನಿಮ್ಮ ನೋಂದಣಿ ಚಾಲ್ತಿಯಲ್ಲಿದೆ, ದೂರಿಲ್ಲ ಎನ್ನುವ ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನ ಗುಡ್ ಸ್ಟ್ಯಾಂಡಿಂಗ್ ಪತ್ರವನ್ನು ಊರಲ್ಲಿರುವಾಗಲೇ ಪಡೆಯಿರಿ, ಹೋದ ಮೇಲೆ ಇನ್ನೊಬ್ಬರನ್ನು ಓಡಾಡಿಸುವುದು ಕಷ್ಟ.

ನಾವು ಮಂಗಳೂರಿನವರು. ಮಲೇರಿಯಾ ನಮಗೆ ಹೊಸದಲ್ಲ, ಮನೆಯಲ್ಲಿ ಎಲ್ಲರಿಗೂ ಬಂದು ಹೋಗಿದೆ. ಮೂರು ವರ್ಷದ ಮಗುವಿಗೆ ಎರಡು ವರ್ಷ ದಿನಾ ಮಾತ್ರೆ ನುಂಗಿಸುವುದು ನಿಜಕ್ಕೂ ಬೇಕೇ?

ಮಂಗಳೂರಿನ ಮಲೇರಿಯಾದಲ್ಲಿ ಹೆಚ್ಚಿನದು ವೈವಾಕ್ಸ್ ಎಂಬ ಬಗೆ. ಉಗಾಂಡದಲ್ಲಿ ಹೆಚ್ಚಿನದು ಫಾಲ್ಸಿಪಾರಮ್. ಒಂದು ಬಂದು ಹೋಗಿದ್ದರೆ ಇನ್ನೊಂದರಿಂದ ರಕ್ಷಣೆ ಸಿಗುವುದಿಲ್ಲ. ಫಾಲ್ಸಿಪಾರಮ್ ಮಿದುಳಿಗೆ ಹತ್ತಿದರೆ ಐದು ವರ್ಷದೊಳಗಿನ ಮಗು ಒಂದೆರಡು ದಿನದಲ್ಲಿ ಕೈತಪ್ಪಿ ಹೋಗಬಹುದು. ಈ ಒಂದು ವಿಷಯದಲ್ಲಿ ನಮ್ಮ ಕರಾವಳಿಯವರ ಧೈರ್ಯವೇ ನಮಗೆ ಆತಂಕ.

ಮಾತ್ರೆಗಳ ವಿಚಾರ. ಊರಲ್ಲಿ ಕೇಳಿದ ಕ್ಲೋರೋಕ್ವಿನ್ ಅಲ್ಲಿ ಕೆಲಸಕ್ಕೆ ಬಾರದು. ಮೆಫ್ಲೋಕ್ವಿನ್ ವಾರಕ್ಕೊಂದು ಸಲ, 5 ಕಿಲೋ ದಾಟಿದ ಮಗುವಿಗೂ ತೂಕದ ಲೆಕ್ಕದಲ್ಲಿ ಕೊಡಬಹುದು. ಹೊರಡುವುದಕ್ಕೆ ಎರಡು ಮೂರು ವಾರ ಮೊದಲು ಶುರು ಮಾಡಿದರೆ ಕೆಟ್ಟ ಕನಸು, ತಲೆಸುತ್ತು ಬರುತ್ತದೆಯೇ ಎಂದು ಮನೆಯಲ್ಲೇ ಗೊತ್ತಾಗುತ್ತದೆ. ಫಿಟ್ಸ್ ಬಂದ ಮಗುವಿಗೆ ಅದು ಸಲ್ಲದು. ಅಟೊವಾಕ್ವೋನ್-ಪ್ರೊಗ್ವಾನಿಲ್ ದಿನಾ ನುಂಗುವಂಥದ್ದು, ಹಾಲು ಅಥವಾ ಊಟದ ಜೊತೆಗೇ ಕೊಡಬೇಕು. ಅಡ್ಡಪರಿಣಾಮ ಕಡಿಮೆ, ಬೆಲೆ ಹೆಚ್ಚು. ಡಾಕ್ಸಿಸೈಕ್ಲಿನ್ ಎಂಟು ವರ್ಷದೊಳಗಿನವರಿಗೆ ಬೇಡ. ಎರಡು ವರ್ಷ ಉದ್ದಕ್ಕೂ ಮಾತ್ರೆಯೇ, ಅಥವಾ ಮೊದಲ ತಿಂಗಳುಗಳಲ್ಲಿ ಮತ್ತು ಮಳೆಗಾಲದಲ್ಲಿ ಮಾತ್ರವೇ ಎಂಬುದನ್ನು ನೀವಿರುವ ಜಾಗ, ಮಗುವಿನ ತೂಕ ನೋಡಿ ಅಲ್ಲಿನ ವೈದ್ಯರು ಹೇಳಲಿ. ಆದರೆ ಮೊದಲ ದಿನದಿಂದಲೇ ಮಾತ್ರೆ ತಪ್ಪಿಸಬೇಡಿ.

ಮಾತ್ರೆಗಿಂತ ದೊಡ್ಡದು ಸೊಳ್ಳೆಪರದೆ. ಕೀಟನಾಶಕ ಲೇಪಿಸಿದ ಪರದೆಯೇ ಆಗಬೇಕು, ಅಂಚನ್ನು ಸುತ್ತಲೂ ಹಾಸಿಗೆಯ ಅಡಿಗೆ ಸಿಕ್ಕಿಸಬೇಕು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಮಕ್ಕಳು ಅಂಗಳದಲ್ಲಿ ಆಡುವ ಸಂಜೆ ಆರೂವರೆಯ ಹೊತ್ತೇ ಅಪಾಯದ್ದು. ಆಗ ಉದ್ದ ತೋಳಿನ ಬಟ್ಟೆ ಹಾಕಿ, ಸೊಳ್ಳೆ ಹತ್ತಿರ ಬರದಂತೆ ಮಾಡುವ ಡೀಟ್ 20ರಿಂದ 30 ಶೇಕಡಾ ಇರುವ ಮುಲಾಮು ಹಚ್ಚಿ. ಎರಡು ತಿಂಗಳು ದಾಟಿದ ಮಗುವಿಗೂ ಹಚ್ಚಬಹುದು, ಅಂಗೈಗೆ ಮಾತ್ರ ಬೇಡ, ಬಾಯಿಗೆ ಹೋಗುತ್ತದೆ.

ಜ್ವರ ಬಂದರೆ ಅದೇ ದಿನ ರಕ್ತಪರೀಕ್ಷೆ, ನಾಳೆಗೆ ತಳ್ಳುವುದು ಬೇಡ. ಬೆರಳು ಚುಚ್ಚಿ ನೋಡುವ ಕಿಟ್ 15–20 ನಿಮಿಷದಲ್ಲಿ ಉತ್ತರ ಕೊಡುತ್ತದೆ. ಆದರೆ ಮಲೇರಿಯಾ ಗುಣವಾದ ಮೇಲೂ ಕೆಲವು ವಾರ ಅದೇ ಕಿಟ್ ‘ಇದೆ’ ಎಂದು ತೋರಿಸುತ್ತಿರುತ್ತದೆ. ಹಾಗಾಗಿ ತಿಂಗಳೊಳಗೆ ಎರಡನೇ ಸಲ ಜ್ವರ ಬಂದರೆ ಸೂಕ್ಷ್ಮದರ್ಶಕದಲ್ಲಿ ಸ್ಲೈಡ್ ನೋಡಿಸಿ. ಇಲ್ಲದಿದ್ದರೆ ನ್ಯುಮೋನಿಯಾಕ್ಕೆ ಮಲೇರಿಯಾದ ಮಾತ್ರೆ ಕೊಡುತ್ತಾ ಕೂತಂತಾಗುತ್ತದೆ. ಮಲೇರಿಯಾಕ್ಕೆ ಆರ್ಟಿಮೆಥರ್-ಲುಮೆಫಾಂಟ್ರಿನ್ ಮಾತ್ರೆ ಬರೆದುಕೊಟ್ಟರೆ ಮೂರು ದಿನದ ಆರೂ ಡೋಸ್ ಮುಗಿಸಿ, ಎದೆಹಾಲು ಅಥವಾ ಕೊಬ್ಬಿನಂಶವಿರುವ ತಿನಿಸಿನ ಜೊತೆ ಕೊಡಿ. ಒಂದು ಗಂಟೆಯೊಳಗೆ ವಾಂತಿಯಾದರೆ ಅದೇ ಡೋಸ್ ಮತ್ತೆ ಕೊಡಬೇಕು. ಮಗು ಹಾಲು ಕುಡಿಯದಿದ್ದರೆ, ಎಲ್ಲವನ್ನೂ ಕಕ್ಕಿದರೆ, ಫಿಟ್ಸ್ ಬಂದರೆ, ಕರೆದರೂ ಕಣ್ಣು ಬಿಡದಿದ್ದರೆ ಮಾತ್ರೆಯ ಮಾತೇ ಇಲ್ಲ, ಆರ್ಟಿಸುನೇಟ್ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಹೊರಡಿ.

ಪುಣೆಯಲ್ಲಿ ತಯಾರಾಗುವ ಆರ್21 ಮಲೇರಿಯಾ ಲಸಿಕೆಯನ್ನು ಉಗಾಂಡ 2025ರಲ್ಲಿ ಎಳೆಯ ಮಕ್ಕಳಿಗೆ ಕೊಡಲು ಶುರು ಮಾಡಿದೆ. ನಾಲ್ಕು ಡೋಸ್, ಆರನೇ ತಿಂಗಳಿಂದ. ನಿಮ್ಮ ಮಗುವಿಗೆ ಮೂರಾಯಿತು, ಆದರೂ ಅಲ್ಲಿ ಕೇಳಿ ನೋಡಿ. ರಜೆಯಲ್ಲಿ ಊರಿಗೆ ಬಂದಾಗ ಮಗುವಿಗೆ ಜ್ವರ ಬಂದರೆ, ವೈದ್ಯರು ಕೇಳದಿದ್ದರೂ ಮೊದಲ ಮಾತಿಗೇ ‘ಉಗಾಂಡದಿಂದ ಬಂದಿದ್ದೇವೆ’ ಎನ್ನಿ.

ಮಗುವಿಗೆ ಬಟ್ಟೆಯ ಲಂಗೋಟಿಯನ್ನೇ ಬಳಸುತ್ತಿದ್ದೇವೆ. ಅಲ್ಲಿಯೂ ಒಗೆದು ಬಿಸಿಲಿಗೆ ಹಾಕಿದರೆ ಸಾಕಲ್ಲವೇ? — ಪುತ್ತೂರು

ಬಿಸಿಲು ಸಾಲದು, ಇಸ್ತ್ರಿ ಬೇಕು. ಅಲ್ಲಿ ಮ್ಯಾಂಗೋ ಫ್ಲೈ ಎಂದು ಕರೆಯುವ ಒಂದು ನೊಣವಿದೆ. ಹೊರಗೆ ಹರವಿದ ಹಸಿ ಬಟ್ಟೆಯ ಮೇಲೆ, ಮೂತ್ರ ಬಿದ್ದ ಮರಳಿನ ಮೇಲೆ ಮೊಟ್ಟೆ ಇಡುತ್ತದೆ. ಬಟ್ಟೆ ಮೈಗೆ ತಾಗಿದಾಗ ಮರಿಹುಳು ಚರ್ಮದೊಳಗೆ ಇಳಿಯುತ್ತದೆ. ಕೆಲವು ದಿನಕ್ಕೆ ಕುರುವಿನಂತೆ ಕೆಂಪಗೆ ಊದುತ್ತದೆ. ಹತ್ತಿರದಿಂದ ನೋಡಿದರೆ ನಡುವೆ ಸೂಜಿಮೊನೆಯಷ್ಟು ತೂತು ಇರುತ್ತದೆ, ಹುಳು ಉಸಿರಾಡುವುದು ಅಲ್ಲಿಂದ. ಹಿಂಡಬೇಡಿ, ಒಳಗೆ ತುಂಡಾದರೆ ಕೀವಾಗುತ್ತದೆ. ತೂತು ಮುಚ್ಚುವಂತೆ ವ್ಯಾಸಲಿನ್ ದಪ್ಪಗೆ ಹಚ್ಚಿಟ್ಟರೆ ಉಸಿರು ಸಿಗದೆ ಹುಳು ಮೇಲಕ್ಕೆ ಬರುತ್ತದೆ, ಆಗ ನರ್ಸ್ ಮೆಲ್ಲಗೆ ತೆಗೆಯಬಹುದು.

ತಡೆಯುವ ದಾರಿ ಸುಲಭ. ಬಟ್ಟೆಯನ್ನು ಮನೆಯೊಳಗೆ ಅಥವಾ ಜಾಲರಿ ಹಾಕಿದ ಜಗಲಿಯಲ್ಲಿ ಒಣಗಿಸಿ. ಹೊರಗೆ ಹಾಕಿದ್ದನ್ನೆಲ್ಲ, ಟವೆಲ್, ಒಳಉಡುಪು, ದಿಂಬಿನ ಚೀಲ ಸೇರಿಸಿ, ಎರಡೂ ಬದಿಗೆ ಬಿಸಿ ಇಸ್ತ್ರಿ ಹಾಕಿ. ಹೊಲಿಗೆಯ ಮಡಿಕೆ ಮತ್ತು ಎಲಾಸ್ಟಿಕ್ ಜಾಗವನ್ನು ಒತ್ತಿ ಇಸ್ತ್ರಿ ಮಾಡಬೇಕು, ಮೊಟ್ಟೆ ಉಳಿಯುವುದು ಅಲ್ಲೇ. ಕರೆಂಟ್ ಹೋಗುವ ಜಾಗವಾದರೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಅಲ್ಲಿ ಸಿಗುತ್ತದೆ. ಅಂಗಳದಲ್ಲಿ ಬರಿಗಾಲು ಬೇಡ, ಕಾಲ್ಬೆರಳ ಸಂದಿಗೆ ಹೊಕ್ಕುವ ಜಿಗ್ಗರ್ ಚಿಗಟವೂ ಇದೆ. ವಿಕ್ಟೋರಿಯಾ ಸರೋವರದ ದಡದಲ್ಲಿ ಮಕ್ಕಳನ್ನು ನೀರಿಗೆ ಬಿಡಬೇಡಿ, ಬಸವನಹುಳುವಿನಿಂದ ಬರುವ ಬಿಲ್ಹಾರ್ಜಿಯಾ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ.

ಅಡುಗೆ ಸಾಮಾನು ಎಷ್ಟು ಒಯ್ಯಬೇಕು? ಮಗುವಿಗೆ ರಾಗಿ ಮಣ್ಣಿ ಅಭ್ಯಾಸ. — ಕುಂದಾಪುರ

ರಾಗಿ ಒಯ್ಯಬೇಡಿ. ರಾಗಿಯ ಮೂಲವೇ ಪೂರ್ವ ಆಫ್ರಿಕದ ಎತ್ತರದ ನೆಲ. ಉಗಾಂಡದಲ್ಲಿ ಅದರಿಂದ ಮಾಡುವ ಮುದ್ದೆಗೆ ಕಲೋ ಎನ್ನುತ್ತಾರೆ. ಮಾರುಕಟ್ಟೆಯ ಹಿಟ್ಟಿಗೆ ಎಷ್ಟೋ ಸಲ ಮರಗೆಣಸಿನ ಹಿಟ್ಟು ಬೆರೆಸಿರುತ್ತಾರೆ, ಆದ್ದರಿಂದ ಮಗುವಿಗೆ ಇಡಿ ರಾಗಿ ಕೊಂಡು ತೊಳೆದು, ಒಣಗಿಸಿ ಬೀಸಿಸಿ. ಶೇಂಗಾ ಮತ್ತು ಜೋಳದ ಹಿಟ್ಟಿನಲ್ಲಿ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಇರುವ ಭಯ ಅಲ್ಲಿ ಸಾಕಷ್ಟಿದೆ. ಸುಕ್ಕಾದ, ಬಣ್ಣಗೆಟ್ಟ, ಕಹಿಯಾದ ಕಾಳನ್ನು ಹುರಿದು ಬಳಸುವ ಆಸೆ ಬೇಡ, ಹುರಿದರೆ ವಿಷ ಪೂರ್ತಿ ಹೋಗುವುದಿಲ್ಲ.

ಬೇಳೆ, ಮಸಾಲೆ, ಗೋಧಿಹಿಟ್ಟು ಕಂಪಾಲಾದ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಕುಚ್ಚಲಕ್ಕಿಯನ್ನು ನೆಚ್ಚಿಕೊಳ್ಳಬೇಡಿ. ಕುಕ್ಕರ್ ಒಯ್ಯಿರಿ, ಅದೇ ಅಳತೆಯ ಎರಡು ಗ್ಯಾಸ್ಕೆಟ್, ಎರಡು ಸೇಫ್ಟಿ ವಾಲ್ವ್ ಜೊತೆಗಿರಲಿ. ಮಿಕ್ಸಿಗೆ ಅಲ್ಲಿನ 240 ವೋಲ್ಟ್ ಆಗುತ್ತದೆ, ಆದರೆ ಗೋಡೆಯ ಸಾಕೆಟ್ ಬ್ರಿಟಿಷ್ ಮಾದರಿಯ ಚಪ್ಪಟೆ ಮೂರು ಪಿನ್ನಿನದು. ಅಡಾಪ್ಟರ್ ಸಡಿಲಾಗಿ ಬಿಸಿಯೇರುತ್ತದೆ. ಅಲ್ಲೇ ಫ್ಯೂಸ್ ಇರುವ ಪ್ಲಗ್ ಕೊಂಡು ವೈರಿಗೆ ಹಾಕಿಸಿ.

ಉಳಿದ ತೂಕದಲ್ಲಿ ಮೊದಲ ಜಾಗ ಮಗುವಿನ ಕಾರ್ ಸೀಟಿಗೆ ಕೊಡಿ. ಬೋಡಾ ಬೋಡಾ ಎಂಬ ಬೈಕ್ ಟ್ಯಾಕ್ಸಿ ಎಲ್ಲೆಲ್ಲೂ ಇದೆ, ಅಗ್ಗ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಕೂರುವುದಿಲ್ಲ ಎಂದು ಹೋದ ಮೊದಲ ದಿನವೇ ಗಂಡ ಹೆಂಡತಿ ನಿಶ್ಚಯ ಮಾಡಿ. ಔಷಧ ಚೀಟಿಗಳಲ್ಲಿ ಬ್ರಾಂಡ್ ಹೆಸರಿನ ಪಕ್ಕ ಮೂಲ ಔಷಧದ ಹೆಸರು ಬರೆಸಿಕೊಳ್ಳಿ, ನಮ್ಮ ಬ್ರಾಂಡ್‌ಗಳು ಅಲ್ಲಿನವರಿಗೆ ಗೊತ್ತಿರುವುದಿಲ್ಲ.

ನಮ್ಮ ಸಭೆ ಒಂದು ಕುಟುಂಬವನ್ನು ಕಳಿಸುತ್ತಿದೆ. ಸಭೆಯ ಟ್ರಸ್ಟ್ ಖಾತೆಯಿಂದ ತಿಂಗಳು ತಿಂಗಳು ಅಲ್ಲಿಗೇ ಹಣ ಕಳಿಸಬಹುದೇ? — ಸಭಾ ಖಜಾಂಚಿ, ಶಿವಮೊಗ್ಗ

ಹಾಗೇ ಕಳಿಸಿದರೆ ತೊಂದರೆ. ಧರ್ಮಾರ್ಥ ಟ್ರಸ್ಟ್‌ನ ಆದಾಯಕ್ಕೆ ತೆರಿಗೆ ವಿನಾಯಿತಿ ಸಿಗುವುದು ಅದನ್ನು ಭಾರತದೊಳಗೆ ಖರ್ಚು ಮಾಡಿದಾಗ. ಹೊರದೇಶದಲ್ಲಿ ಖರ್ಚು ಮಾಡಲು ಕೇಂದ್ರ ನೇರ ತೆರಿಗೆ ಮಂಡಳಿಯ ಅನುಮತಿ ಬೇಕು. ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸುವ ಎಲ್‌ಆರ್‌ಎಸ್ ಸೌಲಭ್ಯ ವ್ಯಕ್ತಿಗಳಿಗಿದೆ, ಟ್ರಸ್ಟ್‌ಗಿಲ್ಲ. ಸದಸ್ಯರು ಒಬ್ಬೊಬ್ಬರಾಗಿ ತಮ್ಮ ಪ್ಯಾನ್ ಕೊಟ್ಟು ಸ್ವಂತ ಖಾತೆಯಿಂದ ಕಳಿಸಬಹುದು, ಅದಕ್ಕೆ ತೆರಿಗೆ ರಿಯಾಯಿತಿಯ ರಸೀದಿ ಇರುವುದಿಲ್ಲ. ‘ಊರಿನ ಖಾತೆಗೆ ರೂಪಾಯಿ ಹಾಕಿದರಾಯಿತಲ್ಲ’ ಎನ್ನುವವರಿದ್ದಾರೆ. ಕುಟುಂಬ ಅನಿವಾಸಿಯಾದ ಮೇಲೆ ಅವರ ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ) ಖಾತೆಗೆ ರೂಪಾಯಿಯಲ್ಲಿ ಉಡುಗೊರೆ ಹಾಕಲು ನಿಕಟ ಸಂಬಂಧಿಕರಿಗೆ ಮಾತ್ರ ಅವಕಾಶ. ಅನುಮತಿಗಳನ್ನು ಪಡೆದಿರುವ ಮಿಷನ್ ಮಂಡಳಿಯ ಮೂಲಕ ಹೋಗಿ, ಲೆಕ್ಕಪರಿಶೋಧಕರಿಂದ ಬರಹದಲ್ಲಿ ಸಲಹೆ ಪಡೆಯಿರಿ.

ಕುಟುಂಬಕ್ಕೂ ಎರಡು ಮಾತು ತಿಳಿಸಿ. ಕೆಲಸಕ್ಕೆಂದು ದೇಶ ಬಿಟ್ಟ ಮೇಲೆ ಉಳಿತಾಯ ಖಾತೆಯನ್ನು ಎನ್‌ಆರ್‌ಒಗೆ ಬದಲಿಸಲೇಬೇಕು. ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಇದ್ದರೆ, ಅದು ದೇಶದಲ್ಲಿ ವಾಸಿಸುವ ಹೆಣ್ಣುಮಕ್ಕಳ ಯೋಜನೆ, ಹೊರಡುವ ಮೊದಲೇ ಅಂಚೆ ಕಚೇರಿಗೆ ತಿಳಿಸಲಿ.

ಸಭೆಯ ಹಣ ಸೀಮಿತವಾಗಿದ್ದರೆ ಮೊದಲು ವಿಮೆ ಮಾಡಿಸಿ. ತುರ್ತಿನಲ್ಲಿ ನೈರೋಬಿಯಂಥ ಕಡೆಗೆ ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದ ವಿಮೆ ಕುಟುಂಬದ ಎಲ್ಲರಿಗೂ ಇರಬೇಕು. ಆಮೇಲೆ ಅವರೆಲ್ಲರ ವಾಪಸ್ ಟಿಕೆಟ್ಟಿನಷ್ಟು ಹಣ ಯಾರೂ ಮುಟ್ಟದಂತೆ ಬ್ಯಾಂಕಿನಲ್ಲಿರಲಿ. ತಿಂಗಳ ಬೆಂಬಲದ ಲೆಕ್ಕ ಅದರ ನಂತರ.

ಆರು ವರ್ಷದ ಮಗನನ್ನು ಅಲ್ಲಿನ ಬೋರ್ಡಿಂಗ್ ಶಾಲೆಗೆ ಸೇರಿಸಿ ಎನ್ನುತ್ತಾರೆ. ಕನ್ನಡ ಮರೆತರೆ ವಾಪಸ್ ಬಂದಾಗ ಏನು ಗತಿ? — ಹಾಸನ

ಬೋರ್ಡಿಂಗ್ ಉಗಾಂಡದಲ್ಲಿ ಮಾಮೂಲು, ಚಿಕ್ಕ ಮಕ್ಕಳೂ ಇರುತ್ತಾರೆ. ಆದರೂ ಆರು ವರ್ಷಕ್ಕೆ ಬೇಡ ಎಂದೇ ನಮ್ಮ ಅಭಿಪ್ರಾಯ. ದೇಶ, ಭಾಷೆ, ಅಜ್ಜಿಮನೆ ಎಲ್ಲವೂ ಒಟ್ಟಿಗೆ ಕಳೆದ ಮಗುವಿನಿಂದ ಅಪ್ಪ ಅಮ್ಮನನ್ನೂ ತೆಗೆಯುವುದು ಸರಿಯಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಮ್ಮ ಮಕ್ಕಳನ್ನು ಎಳೆವಯಸ್ಸಿನಲ್ಲೇ ಯುರೋಪಿಗೆ ಕಳಿಸುತ್ತಿದ್ದರು. ಮಲಯಾಳ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಪುಟ್ಟ ಮಗುವಾಗಿದ್ದಾಗಲೇ ಯುರೋಪಿನಲ್ಲಿ ಬಿಟ್ಟು ಬಂದಿದ್ದರು, ಅಪ್ಪ ಅಮ್ಮನನ್ನು ಅವಳು ಮತ್ತೆ ಸೇರಿದ್ದು ಹದಿಹರೆಯದಲ್ಲಿ. ಅವಳೇ ಮುಂದೆ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ. ಆಗ ಪತ್ರ ಹಡಗಿನಲ್ಲಿ ಬರುತ್ತಿತ್ತು, ಬೇರೆ ದಾರಿ ಕಾಣದೆ ಹಾಗೆ ಮಾಡಿದರು. ಈಗ ಅಂಥ ಒತ್ತಡವಿಲ್ಲ. ಮನೆಯಿಂದ ಹೋಗಿ ಬರುವ ಶಾಲೆ ಇಲ್ಲದ ಜಾಗವಾದರೆ ಬೇರೆ ಜಾಗ ಕೊಡಿ ಎಂದು ಮಂಡಳಿಗೆ ಹೊರಡುವ ಮೊದಲೇ ಕೇಳಿ.

ಅಲ್ಲಿನ ಶಾಲಾವರ್ಷ ಫೆಬ್ರವರಿಯಲ್ಲಿ ಶುರುವಾಗಿ ವರ್ಷದ ಕೊನೆಗೆ ಮುಗಿಯುತ್ತದೆ. ಜೂನ್‌ನಲ್ಲಿ ಹೋದರೆ ಮಗು ನಡುವರ್ಷಕ್ಕೆ ಬೀಳುತ್ತದೆ. ಇಲ್ಲಿ ಅರ್ಧ ವರ್ಷ ಮುಗಿಸಿ ಡಿಸೆಂಬರ್‌ನಲ್ಲಿ ಹೊರಟು, ಜನವರಿಯಲ್ಲಿ ಊರು ಪರಿಚಯ ಮಾಡಿಕೊಂಡು, ಎಲ್ಲರ ಜೊತೆ ಮೊದಲ ದಿನ ತರಗತಿಗೆ ಹೋಗುವುದು ಮಗುವಿಗೆ ಹಿತ. ಟಿ.ಸಿ. ತಪ್ಪದೆ ಪಡೆಯಿರಿ, ಅಲ್ಲಿನ ಪ್ರತಿ ಅವಧಿಯ ವರದಿ ಜೋಪಾನವಾಗಿಡಿ.

ಕನ್ನಡದ ವಿಷಯದಲ್ಲಿ ನಿಮ್ಮ ಆತಂಕ ಸರಿ. 2015ರ ಕನ್ನಡ ಕಲಿಕಾ ಕಾಯಿದೆಯಿಂದಾಗಿ ಕರ್ನಾಟಕದ ಶಾಲೆಗಳಲ್ಲಿ ಕನ್ನಡ ಕಡ್ಡಾಯ. ವಾಪಸ್ ಬಂದಾಗ ವಯಸ್ಸಿಗೆ ತಕ್ಕ ತರಗತಿ ಸಿಕ್ಕರೂ ಐದನೇ ತರಗತಿಯ ಮಗು ಒತ್ತಕ್ಷರ ಓದಲಾರದೆ ಕೂರಬೇಕಾಗುತ್ತದೆ. ಮಾತು ಮನೆಯಲ್ಲಿ ಉಳಿಯುತ್ತದೆ, ಮೊದಲು ಹೋಗುವುದು ಬರವಣಿಗೆ. ಸರ್ಕಾರಿ ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಒಂದರಿಂದ ಮೂರನೇ ತರಗತಿಯವರೆಗಿನದ್ದನ್ನು ಊರಲ್ಲೇ ಅಚ್ಚು ಹಾಕಿಸಿ ಒಯ್ಯಿರಿ. ದಿನಕ್ಕೆ ಇಪ್ಪತ್ತು ನಿಮಿಷ, ಅರ್ಧ ಓದು, ಅರ್ಧ ಉಕ್ತಲೇಖನ. ಭಾನುವಾರ ಮನೆಯ ಪ್ರಾರ್ಥನೆಯಲ್ಲಿ ಕನ್ನಡ ಬೈಬಲ್‌ನ ನಾಲ್ಕು ವಚನ ಮಗುವೇ ಓದಲಿ. ತಪ್ಪಾದರೆ ಎಲ್ಲರೆದುರು ತಿದ್ದಬೇಡಿ.

ಮಗ ಸೊಸೆ ಮೊಮ್ಮಕ್ಕಳು ಹೊರಟಿದ್ದಾರೆ. ಚಿಕ್ಕವಳಿಗೆ ಎರಡೇ ವರ್ಷ. ನನ್ನನ್ನು ನೆನಪಿಟ್ಟುಕೊಳ್ಳುತ್ತಾಳೆಯೇ? — ಬಳ್ಕುಂಜೆಯ ಅಜ್ಜಿ

ಅಮ್ಮಾ, ನೀವು ವಾರಕ್ಕೊಮ್ಮೆ ಒಂದು ಗಂಟೆ ಮಾತಾಡುವುದಕ್ಕಿಂತ ದಿನಾ ಐದು ನಿಮಿಷ ಕಾಣಿಸಿಕೊಂಡರೆ ನೆನಪಿಟ್ಟುಕೊಳ್ಳುತ್ತಾಳೆ. ನಮ್ಮ ಗಡಿಯಾರ ಅವರದ್ದಕ್ಕಿಂತ ಎರಡೂವರೆ ಗಂಟೆ ಮುಂದೆ. ಇಲ್ಲಿ ಸಂಜೆ ಏಳಾದಾಗ ಅಲ್ಲಿ ನಾಲ್ಕೂವರೆ, ಮಗು ಮಧ್ಯಾಹ್ನದ ನಿದ್ದೆಯಿಂದ ಎದ್ದು ಲವಲವಿಕೆಯಲ್ಲಿರುವ ಹೊತ್ತು. ‘ನಾನು ಯಾರು ಹೇಳು’ ಎಂದು ಪರೀಕ್ಷೆ ಮಾಡಬೇಡಿ, ಎರಡು ವರ್ಷದವರು ಅದಕ್ಕೆ ಓಡಿಹೋಗುತ್ತಾರೆ. ಪ್ರತಿದಿನ ಒಂದೇ ಕೆಲಸ ಮಾಡಿ ತೋರಿಸಿ. ಕೋಳಿಗೆ ಅಕ್ಕಿ ಹಾಕುವುದೋ, ದೀಪ ಹಚ್ಚುವುದೋ, ಅದೇ ಹಾಡಿನ ಎರಡು ಸಾಲೋ ಸಾಕು. ಈಗ ಹೊರಡುವ ಮೊದಲೇ ಅದನ್ನು ಅವಳ ಜೊತೆ ಕೂತು ಅಭ್ಯಾಸ ಮಾಡಿಸಿ. ನೀವು ಉಟ್ಟು ಮೆತ್ತಗಾದ ಹತ್ತಿ ಸೀರೆಯಿಂದ ಅವಳ ಅಳತೆಗೆ ಒಂದು ಕೌದಿ ಹೊಲಿದು ಹ್ಯಾಂಡ್‌ಬ್ಯಾಗಿನಲ್ಲಿ ಕಳಿಸಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಪೆಟ್ಟಿಗೆ ಎಷ್ಟೋ ಸಲ ಎರಡು ದಿನ ತಡವಾಗಿ ಬರುತ್ತದೆ, ಅವಳಿಗೆ ಅದು ಬೇಕಾಗುವುದು ಮೊದಲ ರಾತ್ರಿಗೆ.